ಸನಾದಿಯವನ ಜಾಗ

ತುಕ್ಕಾನಟ್ಟಿ
೧೧-೨-೧೯೯೮

ಪ್ರೀತಿಯ ಅಣ್ಣಾ,

ನಿನ್ನ ತಮ್ಮ ಗಜಾನನ ಮಾಡುವ ನಮಸ್ಕಾರ. ಇಚಲಕರಂಜಿಯ ಮಗ್ಗದ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆಯೋ ಏನೋ. ಬೆಲ್ಲದ ಜೊತೆ ಮೆಣಸು ಅಗಿಯಬೇಕೆಂದು ಅವ್ವ ಹೇಳಿದ್ದಾಳೆ. ಮೂರು ಪತ್ರ ಹಾಕಿದೆ, ಒಂದಕ್ಕೂ ಉತ್ತರವಿಲ್ಲ. ನಾಲ್ಕನೇ ಇಯತ್ತೆ ಕಲಿತವನ ಬರವಣಿಗೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಅಜ್ಜ ಕಟ್ಟಿದ ನಮ್ಮ ಕರಡಿ ಮಜಲು ಮೇಳಕ್ಕೆ ಈ ವರ್ಷ ಅರವತ್ತೊಂದು. ಅಪ್ಪನ ಜೊತೆ ಜಗಳಾಡಿ ನೀನು ಹೋದಾಗಿನಿಂದ, ಎರಡು ವರ್ಷ, ಸನಾದಿ ಊದುವವರಿಲ್ಲ. ಸಾಲಿನಲ್ಲಿ ನಿನ್ನ ಜಾಗ ಬಿಟ್ಟೇ ನಿಲ್ಲುತ್ತೇವೆ. ಮೇಳದ ಕಟ್ಟಳೆ ನಿನಗೆ ಗೊತ್ತು: ಜಾಗವನ್ನು ಇದ್ದವನೇ ಬಿಟ್ಟೆನೆನ್ನಬೇಕು, ಇಲ್ಲವೇ ಸಾಯಬೇಕು, ಆಮೇಲೆಯೇ ಅಲ್ಲಿ ಇನ್ನೊಬ್ಬ ನಿಲ್ಲುವುದು. ಮೊನ್ನೆ ಹುಕ್ಕೇರಿಯ ಮದುವೆಯಲ್ಲಿ ಬೀಗರು "ಸನಾದಿ ಇಲ್ಲದ ಮಜಲು ಅಂದ್ರ ಮದಿಮಗ ಇಲ್ಲದ ಮೆರವಣಿಗಿ" ಎಂದು ನಕ್ಕು ಅರ್ಧಕ್ಕೇ ಕಳಿಸಿಬಿಟ್ಟರು. ಬರುವಾಗ ಟೆಂಪೋದಲ್ಲಿ, ಕರಡಿ ವಾದ್ಯ ಬಾರಿಸುವ ಕಲ್ಲಪ್ಪ ಕಾಕಾ ಅಪ್ಪನಿಗೆ, "ಜಾಗಾ ಹಿಡ್ಯಾಕ ಇದೇನ ಬಸ್ಸಿನ ಸೀಟೇನೋ ಸತ್ತೆಪ್ಪಾ, ಟಾವೆಲ್ ಹಾಕಿ ಹೋಗಾಕ?" ಎಂದ.

ಈಗ ತೀರ್ಮಾನವಾಗಿದೆ. ಶಿವರಾತ್ರಿ ಅಮವಾಸ್ಯೆಗೆ ನಿನ್ನ ಸನಾದಿಗೆ ಭಂಡಾರ ಹಚ್ಚಿ, ಎಡೆ ಇಟ್ಟು, ನಿನ್ನ ಹೆಸರು ಕರೆದು, ಸಾವಿಗೆ ಬಾರಿಸುವಂತೆ ಬಾರಿಸಿ, ಎಲ್ಲರೂ ಅದರ ಮೇಲೆ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಅಲ್ಲಿಂದ ನೀನು ನಮಗೆ ಸತ್ತವನು. "ಉಸಿರಾಡೋ ಮಗಗ ಎಡಿ ಹೆಂಗ ಮಾಡ್ಲಿ?" ಎಂದು ಅವ್ವ ಒಲೆಯ ಮುಂದಿನಿಂದ ಎದ್ದಿಲ್ಲ.

ಅಜ್ಜನ ಕಾಲದ ಲಗಮಪ್ಪನ ಸಂಗತಿ ನೆನಪಿದೆಯಲ್ಲ? ಮುಂಬೈ ಗಿರಣಿಗೆ ಹೋದವನ ಸುದ್ದಿಯಿಲ್ಲವೆಂದು ಮಣ್ಣು ಹಾಕಿದರು. ಮರುವರ್ಷ ಆತ ಬಂದ. ಮೇಳದವರು ಯಾರೂ ಮಾತಾಡಿಸಲಿಲ್ಲ. ತಾವೇ ಮಣ್ಣು ಹಾಕಿದವನ ಜೊತೆ ಏನೆಂದು ಮಾತಾಡುವುದು? ಹಿಡಕಲ್ಲಿನಲ್ಲಿ ಮೀನು ಹಿಡಿದು ಬದುಕಿದ. ಮೇಳ ಆ ಊರಿಗೆ ಹೋದಾಗಲೆಲ್ಲ ದೂರದಲ್ಲಿ ಕೂತು ಕೇಳುತ್ತಿದ್ದನಂತೆ. ಆತ ನಿಜವಾಗಿ ಸತ್ತಾಗ ಯಾರೂ ಬಾರಿಸಲಿಲ್ಲ, ಒಬ್ಬನಿಗೆ ಎರಡು ಸಲ ಬಾರಿಸುವುದಿಲ್ಲವಲ್ಲ.

ಅವ್ವನ ಆಶೀರ್ವಾದ ಇದೆ. ಈ ಅಂಚೆ ಕವರು ತಂದುಕೊಟ್ಟವನು ಅಪ್ಪನೇ.

ನಿನ್ನ ತಮ್ಮ,
ಗಜಾನನ

ತಾ.ಕ.: ಮೇಲೆ ಬರೆಯಲು ನಾಚಿಕೆಯಾಯಿತು. ಆ ಜಾಗ ನನಗೇ ಬರುವುದು. ಕಬ್ಬಿನ ಹೊಲದಲ್ಲಿ ಒಬ್ಬನೇ ಊದಿ ಕಲಿತಿದ್ದೇನೆ. ಅಮವಾಸ್ಯೆಯ ಮಾತು ತೆಗೆದವನು ಕಲ್ಲಪ್ಪ ಕಾಕಾ ಅಲ್ಲ, ನಾನು. ಜಾಗ ಹಿಡಿಯುವವನೇ ಮೊದಲ ಹಿಡಿ ಹಾಕಬೇಕಂತೆ. ಒಂದು ಕಾರ್ಡಿನಲ್ಲಿ "ಬಿಟ್ಟೆ" ಎಂದಷ್ಟೇ ಬರೆ, ಎಡೆಯೂ ಬೇಡ, ಮಣ್ಣೂ ಬೇಡ. ಕಾರ್ಡು ಬರದಿದ್ದರೆ ಆ ಹಿಡಿ ಮಣ್ಣು ನಾನು ಹಾಕುತ್ತೇನೆ ಅಣ್ಣಾ.