ಆರು ದಾಟದ ಕೃಷ್ಣ

ಆಸ್ಟಿನ್,
೧೪ ಅಕ್ಟೋಬರ್ ೧೯೭೪

ಅಮ್ಮಾ,

ಹಾಸ್ಟೆಲ್‌ನಲ್ಲಿ ಪ್ರತಿ ಭಾನುವಾರ ವಾರ್ಡನ್ ಬೋರ್ಡಿನ ಮೇಲೆ ಬರೆದದ್ದನ್ನೇ ಕಾಪಿ ಮಾಡಿ ಮನೆಗೆ ಕಳಿಸುತ್ತಿದ್ದೆವು: ಐ ಆಮ್ ಫೈನ್. ಇವತ್ತು ಹಾಗೆ ಬರೆಯಲಾರೆ. ನನ್ನ ಕನ್ನಡದ ತಪ್ಪುಗಳನ್ನು ಆಮೇಲೆ ತಿದ್ದು, ಮೊದಲು ಓದು.

ಎಂ.ಎ. ಮೊದಲ ವರ್ಷದ ಮೊದಲ ಪೇಪರ್, ಐನೂರು ವರ್ಷಗಳ ಹಿಂದೆ ಫ್ಲಾರೆನ್ಸ್‌ನಲ್ಲಿದ್ದ ಕೋಸಿಮೋ ಎಂಬ ಬ್ಯಾಂಕರ್ ಬಗ್ಗೆ. ಗಳಿಸಿದ್ದನ್ನು ಮಠಕ್ಕೆ, ಗ್ರಂಥಗಳಿಗೆ, ಚಿತ್ರಗಾರರಿಗೆ ಸುರಿದವನು. ಪಟ ಬೇಗ ಮುಗಿಯಲೆಂದು ಒಬ್ಬ ಚಿತ್ರಗಾರನನ್ನು ತನ್ನ ಮನೆಯಲ್ಲೇ ಕೂಡಿಹಾಕಿದನಂತೆ. ಅವನು ಹಾಸಿಗೆಯ ಬಟ್ಟೆ ಹರಿದು ಹಗ್ಗ ಮಾಡಿ ಕಿಟಕಿಯಿಂದಿಳಿದು ಓಡಿಹೋದ. ಆಮೇಲೆ ಬ್ಯಾಂಕರ್‌ಗೆ ಬುದ್ಧಿ ಬಂತು. ಇಂಥವರು ಬಾಡಿಗೆ ಕತ್ತೆಗಳಲ್ಲ, ಬಾಗಿಲು ತೆರೆದೇ ಇಡಿ ಎಂದನಂತೆ. ಈ ಕಾಲದ ಒಬ್ಬ ಕಲಾಪೋಷಕರನ್ನೂ ಕಂಡು ಬರೆಯಬೇಕೆಂದರು ಪ್ರೊಫೆಸರ್. ನನಗೆ ಯಾರು ಗೊತ್ತು? ಫೇಲ್ ಆದರೆ ಸ್ಕಾಲರ್‌ಶಿಪ್ ಹೋಗುತ್ತದೆಂಬ ಹೆದರಿಕೆ ಬೇರೆ. ಸೀನಿಯರ್ ತ್ರಿವೇಣಿ ಅಕ್ಕ ಹುಬ್ಬಳ್ಳಿಯವಳು. “ಅಳಬ್ಯಾಡ ನೀ. ಹೂಸ್ಟನ್‌ದಾಗ ನಮ್ಮ ಹಾರ್ಟ್ ಡಾಕ್ಟರ್ ಅದಾರ, ಗ್ವಾಡಿ ತುಂಬ ದೇವರ ಪಟ ಹಾಕ್ಯಾರ” ಎಂದು ಶನಿವಾರ ತನ್ನ ಕಾರಿನಲ್ಲಿ ಕರೆದೊಯ್ದಳು.

ಡಾಕ್ಟರ್ ಲಕ್ಷ್ಮೀನಾರಾಯಣ ಅಂಕಲ್. ಅವರ ಹಾಲ್‌ನಲ್ಲಿ ಮೈಸೂರು ಶೈಲಿಯ ಹದಿನೈದು ಪಟ, ಚಿನ್ನದ ರೇಕು ಹೊಳೆಯುತ್ತ. ಎಲ್ಲವೂ ಬಾಲಕೃಷ್ಣ. ಹತ್ತಿರ ಹೋದೆ. ಎಡಹುಬ್ಬಿನ ಮೇಲೆ ಅಡ್ಡಕ್ಕೊಂದು ಗಾಯದ ಗೆರೆ. ಒಂದರಲ್ಲಲ್ಲ, ಹದಿನೈದರಲ್ಲೂ. ಬಾವಿಕಟ್ಟೆಯಿಂದ ಬಿದ್ದಾಗ ನನಗಾದದ್ದು ಅದು, ಅಮ್ಮಾ. ಅದು ನನ್ನ ಮುಖ. ಸುಮ್ಮನೆ ಕೂದಲನ್ನು ಹುಬ್ಬಿನ ಮೇಲೆಳೆದುಕೊಂಡೆ.

ಅಂಕಲ್ ಹೇಳುತ್ತಲೇ ಇದ್ದರು. ಮೈಸೂರಿನ ಒಬ್ಬ ಹೆಂಗಸು, ಗಂಡ ತೀರಿಹೋದವಳು. ತಾವು ಅಲ್ಲಿ ಡಾಕ್ಟರಾಗಿದ್ದಾಗಿನಿಂದ ವರ್ಷಕ್ಕೊಂದು ಪಟ ಕೊಡುತ್ತಾಳೆ. ಕೈ ಬಂಗಾರ, ಹಠ ಮಾತ್ರ ಕೇಳಬೇಡಿ. “ಗೀತೋಪದೇಶ ಬರ್ಕೊಡಮ್ಮ ಅಂತ ಎಷ್ಟು ಕಾಗದ ಹಾಕ್ದೆ! ಊಹೂಂ. ಈಯಮ್ಮನ ಕೃಷ್ಣ ಆರು ವರ್ಷ ದಾಟೋದೇ ಇಲ್ಲ.” ತ್ರಿವೇಣಿ ಅಕ್ಕ ನಕ್ಕಳು. ಆರು ವರ್ಷಕ್ಕೆ ತಾನೇ ನೀನು ನನ್ನನ್ನು ಟ್ರಂಕಿನ ಸಮೇತ ಹಾಸ್ಟೆಲ್ ಗೇಟಿನಲ್ಲಿ ಬಿಟ್ಟದ್ದು?

ಮಾತು ಹೊರಳಿಸಲು ಬ್ಯಾಂಕರ್ ಕಥೆ ಹೇಳಿದೆ. ಅಂಕಲ್ ತೊಡೆ ತಟ್ಟಿ ನಕ್ಕರು. “ನಾನು ಅವನಿಗಿಂತ ಜಾಣ ಕಣಮ್ಮ. ಪೇಂಟರ್‌ನ ಕೂಡಿಹಾಕ್ಲಿಲ್ಲ. ಮಗು ಸೆರಗು ಹಿಡ್ಕೊಂಡಿದ್ರೆ ಕುಂಚ ಓಡುತ್ತಾ? ಮಗೂನ ಹಾಸ್ಟೆಲ್‌ಗೆ ಹಾಕು, ಆಮೇಲೆ ಆರ್ಡರ್ ಅಂದೆ.”

ಕಾಫಿ ಲೋಟ ಕೆಳಗಿಟ್ಟೆನೋ ಬಿಟ್ಟೆನೋ ನೆನಪಿಲ್ಲ. ನೋಡಿದರೆ ಆಂಟಿ ಕಾರ್ಪೆಟ್ ಒರೆಸುತ್ತಿದ್ದರು.

ನೀನು ಟೈಲರಿಂಗ್ ಕ್ಲಾಸ್ ನಡೆಸುತ್ತೀ ಎಂದೇ ನಂಬಿದ್ದೆ. ರಜೆಗೆ ಬಂದಾಗ ಹಿಂದಿನ ಕೋಣೆಗೆ ಬೀಗ. ಬಾಡಿಗೆಯವರ ಸಾಮಾನು ಎಂದು ನೀನು ಹೇಳುತ್ತಿದ್ದೆ. ನಾನು ತುಂಬ ತುಂಟಿ, ಅದಕ್ಕೇ ಕಳಿಸಿದೆ ಎಂದುಕೊಂಡು ಅಷ್ಟೂ ವರ್ಷ ಗುಡ್ ಗರ್ಲ್ ಆಗಿದ್ದೆ, ಎಂದಾದರೂ ವಾಪಸ್ ಕರೆಯುತ್ತೀ ಎಂದು. ಈಗ ಒಂದೇ ಪ್ರಶ್ನೆ. ಅವರು ಹೇಳಿದ್ದಕ್ಕೆ ಕಳಿಸಿದೆಯಾ, ಇಲ್ಲ ಚಿತ್ರ ಬರೆಯುವ ಆಸೆ ನಿನಗೇ ಅಷ್ಟಿತ್ತಾ? ಎರಡನೆಯದಾದರೆ ಹಾಗೆಂದೇ ಬರೆ. ಸಿಟ್ಟು ಬರುತ್ತದೆ, ತಡೆದುಕೊಳ್ಳುತ್ತೇನೆ. ಇನ್ನೊಂದು ಸುಳ್ಳನ್ನು ತಡೆಯಲಾರೆ.

ನಿನ್ನ
ತುಳಸಿ

ಮರೆತೆ: ಆ ಮಗು ನಾನೇ ಎಂದು ಅಂಕಲ್‌ಗೆ ಹೇಳಲಿಲ್ಲ. ಹೊರಡುವಾಗ ಪಟಗಳ ಮುಂದೆಯೇ ನಿಲ್ಲಿಸಿ ಪೋಲರಾಯ್ಡ್ ತೆಗೆದರು. ಆಗಲೂ ಅವರಿಗೆ ಗುರುತು ಹತ್ತಲಿಲ್ಲ. ಅದನ್ನು ಈ ಕವರಿನಲ್ಲಿಟ್ಟಿದ್ದೇನೆ. ಇಪ್ಪತ್ತೊಂದಕ್ಕೆ ನಾನು ಹೀಗಿದ್ದೇನೆ. ಈ ಮುಖದ ಪಟ ಬರೆದರೆ ಅವರಿಗೆ ಮಾರಬೇಡ.