ಬೆಂಕಿಯತ್ತ ಇಳಿದ ಲಿಫ್ಟ್

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನೆ ಸೊಸೆಯ ಕಚೇರಿಯನ್ನು ನೋಡಿಬಂದೆ. ಆಸ್ಪತ್ರೆಯೊಂದರ ಲಿಫ್ಟ್ ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳನ್ನು ಅಲ್ಲಿಯವರು ಬರೆದಿಟ್ಟು ಸುಮ್ಮನಾಗುವುದಿಲ್ಲ. ಲಿಫ್ಟ್ ಕಟ್ಟುವ ಮೊದಲೇ ಪರದೆಯ ಮೇಲೆ ಮಾದರಿ ಮಾಡಿ ಓಡಿಸಿ ನೋಡುತ್ತಾರೆ. ಬೆಂಕಿಯ ಗಂಟೆ ಬಾರಿಸಿದೊಡನೆ ಲಿಫ್ಟ್ ನೆಲಮಹಡಿಗಿಳಿದು ಬಾಗಿಲು ತೆರೆಯತಕ್ಕದ್ದು ಎಂಬ ನಿಯಮಕ್ಕೆ ಎಂಟು ಎಂಜಿನಿಯರುಗಳು ತಲೆದೂಗಿದ್ದರಂತೆ.

"ಬೆಂಕಿ ನೆಲಮಹಡಿಯಲ್ಲೇ ಹತ್ಕೊಂಡ್ರೆ?" ಎಂದೆ.

ಸೊಸೆ ಮಾದರಿಯ ನೆಲಮಹಡಿಗೇ ಬೆಂಕಿಯಿಟ್ಟು ಓಡಿಸಿದಳು. ಪರದೆಯ ಪುಟ್ಟ ಲಿಫ್ಟ್ ಗಿಳಿಪಾಠದ ವಿದ್ಯಾರ್ಥಿಯಂತೆ ನೆಟ್ಟಗೆ ಬೆಂಕಿಗಿಳಿದು ಬಾಗಿಲು ತೆರೆಯಿತು.

"ಅತ್ತೆ, ನಾಳೆ ಇದಕ್ಕೆ ಸಹಿ ಹಾಕ್ಬೇಕಂತಿದ್ದೆ."

"ಮೊದಲು ತಿದ್ದು ತಾಯಿ, ಸಹಿ ಎಲ್ಲೂ ಓಡಿಹೋಗಲ್ಲ."

ಇಂದು ತಿದ್ದುತ್ತಿದ್ದಾಳೆ. ನನ್ನ ಮಂಡಿನೋವು ಇಳಿದಿದೆ. ಈ ಮನೆಯ ಲಿಫ್ಟಿಗೆ ಯಾರು ನಿಯಮ ಬರೆದರೋ ತಿಳಿಯದು. ಅದಕ್ಕೇ ಆರು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತುತ್ತಿದ್ದೇನೆ.

ನಿನ್ನ ಅಕ್ಕ