ಹಲವಾಗಲಿನ ಹೊಳೆದಂಡೆ

ಹಡಗಲಿ, ಬುಧವಾರ

ಅಣ್ಣ,

ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಗೆ ಸೇರಿಕೊಂಡೆ. ಇಲ್ಲಿನ ಟೀಚರ್ ಹೆರಿಗೆ ರಜೆ ಮುಗಿಸಿ ಬರುವವರೆಗೆ ಪಾಠ ನನ್ನದು.

ಹರಪನಹಳ್ಳಿಯಿಂದ ನೆಟ್ಟಗೆ ಬರದೆ ಹಲವಾಗಲಿನ ಕಡೆ ಸ್ಕೂಟಿ ತಿರುಗಿಸಿದ್ದು ನಿಜ. ಹೊಳೆ ನೋಡಬೇಕೆನಿಸಿತು. ನೀರಿಗೆ ಕಾಲು ಬಿಟ್ಟುಕೊಂಡು ಮಂಡಕ್ಕಿ ತಿನ್ನುತ್ತಿದ್ದೆ. ಅಷ್ಟರಲ್ಲಿ ನಿನ್ನ ಗೆಳೆಯ ಮೈಲಪ್ಪ ಕುರಿ ಬಿಟ್ಟು ಓಡಿಬಂದ.

"ಯವ್ವಾ, ನಿಮ್ಮಣ್ಣ ಫೋನ್ ಮಾಡಿದ್ದ. ನಿಮ್ಮ ಫೋನಿನ ಲೊಕೇಶನ್ ಒಂದೇ ಕಡಿ ನಿಂತೈತಂತ. ಜೊತಿಗೆ ಯಾರದಾರ ನೋಡಿ ಬಾ ಅಂದ" ಎಂದು ತಲೆ ತಗ್ಗಿಸಿದ. ನಾಚಿಕೆಯಾಗಬೇಕಾದದ್ದು ನಿನಗೆ, ಆದದ್ದು ಅವನಿಗೆ.

ನೀನು ಬೈಕ್ ಹತ್ತಿ ಸಂಡೂರು ಗುಡ್ಡ ತಿರುಗಲು ಹೋದಾಗ ನಿನ್ನ ಹಿಂದೆ ಯಾರನ್ನು ಕಳಿಸಿದ್ದೆವು? ಅವ್ವ ಬುತ್ತಿ ಕಟ್ಟಿಕೊಟ್ಟಳು. ಅದಕ್ಕೆ ರೊಟ್ಟಿ ಬಡಿದವಳು ನಾನು.

ಲೊಕೇಶನ್ ಆಫ್ ಮಾಡಿದ್ದೇನೆ. ಕುಕ್ಕರಿನ ವಿಷಲ್ ಮನೆಯಲ್ಲೇ ಉಳಿದಿದೆ, ಬಸ್ ಕಂಡಕ್ಟರ್ ಕೈಗೆ ಕೊಟ್ಟು ಕಳಿಸು. ನೀನು ಬರಬೇಡ.

ಭಾನುವಾರ ಕೋಗಳಿಯ ಬಸದಿ ನೋಡಲು ಹೊರಟಿದ್ದೇನೆ. ಕಾವಲಿಗೆ ಯಾರನ್ನು ಕಳಿಸುತ್ತೀ, ಈಗಲೇ ಹೇಳು. ಅವರಿಗೂ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತೇನೆ.

ಸಿಟ್ಟು ಇಳಿಯದ ನಿನ್ನ ತಂಗಿ,
ಶ್ರುತಿ